ಖರಾಬು ಜಮೀನಿನಲ್ಲಿ ಕೂಗುವವರು

ಏಪ್ರಿಲ್ ಕೊನೆಯ ವಾರ. ಮಧ್ಯಾಹ್ನವಿಡೀ ಬೆವರಿಳಿಸಿದ ಸೆಕೆ ನಾಲ್ಕಕ್ಕೆ ಗುಡುಗಾಗಿ, ಐದಕ್ಕೆ ಗಾಳಿಯಾಗಿ, ಆರಕ್ಕೆ ಭರಣಿ ಮಳೆಯಾಗಿ ಸುರಿದು ಮುಗಿಯುತ್ತದೆ. ಕರೆಂಟು ಹೋಗಿರುತ್ತದೆ. ಹೆಂಚಿನ ಅಂಚಿನಿಂದ ನೀರು ತೊಟ್ಟಿಕ್ಕುವ ಸದ್ದಷ್ಟೇ ಉಳಿದಾಗ ಅಂಗಳದಾಚೆಯ ಗುಂಡಿಯಿಂದ ಒಂದು ದನಿ ಏಳುತ್ತದೆ. ಅದಕ್ಕೆ ಗದ್ದೆಯಂಚಿನಿಂದ ಇನ್ನೊಂದು. ಹತ್ತು ನಿಮಿಷದಲ್ಲಿ ಊರಿಗೆ ಊರೇ ಕೂಗತೊಡಗುತ್ತದೆ. ‘ಕಪ್ಪೆ ವಟಗುಟ್ಟುತ್ತಿದೆ, ನಾಳೆಯೂ ಮಳೆ ಇದೆ’ ಎನ್ನುತ್ತ ಜಗಲಿಯಲ್ಲಿ ಕೂತವರು ಎದ್ದು ಒಳಗೆ ಹೋಗುತ್ತಾರೆ. ಅಲ್ಲಿಗೆ ಆ ಮಾತು ಮುಗಿಯಿತು. ಆದರೆ ಐದು ನಿಮಿಷ ಕಿವಿಗೊಟ್ಟು ನಿಂತರೆ ಆ ವಟವಟ ಒಂದೇ ದನಿಯಲ್ಲ ಎಂಬುದು ತಿಳಿಯುತ್ತದೆ. ಗುಂಡಿಯಲ್ಲಿ ಉಸಿರು ಕಟ್ಟಿದಂತೆ ಒಂದೇ ಸಮನೆ ಕೊರ್‍ರೆನ್ನುವುದು ನೆಲಗಪ್ಪೆ. ಕೆಸರಿನಿಂದ ಕೊಡ ಉರುಳಿದಂಥ ದಪ್ಪ ದನಿಯಲ್ಲಿ ಕರೆಯುವುದು ಗೊಂಕರುಕಪ್ಪೆ. ಬಚ್ಚಲ ಗೋಡೆಯ ಮೇಲೆ ಕೂತು, ಮರದ ಹಲಗೆಗೆ ಬೆರಳಿನಿಂದ ತಟ್ಟಿದ ಹಾಗೆ ಟಕ್ ಟಕ್ ಎನ್ನುವುದು ಮರಗಪ್ಪೆ. ಇನ್ನು ಹುಲ್ಲಿನ ಬುಡದ ಆ ಸಣ್ಣ ಕಿರ್‌ಕಿರ್ ಇದೆಯಲ್ಲ, ಯಾವುದೋ ಹುಳ ಎಂದು ನಾವು ಬಿಟ್ಟುಬಿಟ್ಟದ್ದು, ಅದು ಹುಳವೇ ಆಗಿರಬೇಕೆಂದಿಲ್ಲ.

ಕಪ್ಪೆ, ಹಾವು, ಓತಿಗಳನ್ನು ಹುಡುಕಿಕೊಂಡು ಹೊರಡುವುದೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಬೇರೆ. ಗಂಬೂಟು, ಹಣೆಗೆ ಟಾರ್ಚು, ಕೈಯಲ್ಲಿ ಕೊಕ್ಕೆ, ಸುತ್ತ ಘಟ್ಟದ ಕಗ್ಗಾಡು. ಚಿತ್ರ ಸುಳ್ಳಲ್ಲ, ಅರ್ಧ ಮಾತ್ರ ನಿಜ. ಕರ್ನಾಟಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ವಿಜ್ಞಾನಕ್ಕೆ ಹೊಸದಾಗಿ ಪರಿಚಯವಾದ ಕಪ್ಪೆಗಳಲ್ಲಿ ಹಲವು ಸಿಕ್ಕಿದ್ದು ಕಾಲೇಜು ಪಟ್ಟಣದ ಪಕ್ಕದ ಕಲ್ಲುಹಾಸಿನಲ್ಲಿ, ಕರಾವಳಿಯ ಗದ್ದೆಯಲ್ಲಿ, ರಾಜಧಾನಿಯ ಹೊರವಲಯದ ಪಾಳುಭೂಮಿಯಲ್ಲಿ. ಹಿಡಿದು ಬಾಟಲಿಗೆ ಹಾಕುವ ಕೈಗಿಂತ ನಿಂತು ಕೇಳುವ ಕಿವಿಯೇ ಹಲವು ಸಲ ಮೊದಲು ಗೆದ್ದಿದೆ. ಹಾಗಿದ್ದ ಮೇಲೆ ನಮ್ಮ ನೆಲದ ಈ ಜೀವಿಗಳ ಹುಡುಕಾಟ ತಜ್ಞರ ದೂರಯಾತ್ರೆಯಾಗಿ ಮಾತ್ರ ಉಳಿಯಬಾರದು. ಅದು ಮನೆಯ ಹತ್ತಿರ, ಮುಟ್ಟದೆ, ವರ್ಷವರ್ಷವೂ ಅದೇ ಜಾಗಕ್ಕೆ ಮರಳಿ ನಡೆಯಬೇಕಾದ ಕೆಲಸ. ಶುರುಮಾಡಲು ಜೂನ್‌ವರೆಗೆ ಕಾಯಬೇಕಾಗಿಯೂ ಇಲ್ಲ. ಚೈತ್ರ, ವೈಶಾಖಗಳೇ ಸರಿಯಾದ ಕಾಲ.

ಎರಡು ಗಡಿಯಾರ ಕೂಡುವ ಹೊತ್ತು

ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ವಸಂತವೆಂದರೆ ಕಪ್ಪೆ, ಹಾವುಗಳು ಚಳಿಗಾಲದ ಮಂಪರಿನಿಂದ ಏಳುವ ಕಾಲ. ಅಲ್ಲಿ ಕೊರತೆ ಶಾಖದ್ದು. ನಮ್ಮಲ್ಲಿ ಶಾಖಕ್ಕೆ ಬರವಿಲ್ಲ, ಕೊರತೆಯೆಲ್ಲ ನೀರಿನದು. ಹಾಗಾಗಿ ನಮ್ಮ ಕಪ್ಪೆಯ ಗಡಿಯಾರ ತಿರುಗುವುದು ಮಳೆಯ ಲೆಕ್ಕದಲ್ಲಿ. ಕಪ್ಪೆ ಉಸಿರಾಡುವುದು ಶ್ವಾಸಕೋಶದಿಂದ ಮಾತ್ರವಲ್ಲ, ಚರ್ಮದಿಂದಲೂ. ಆ ಚರ್ಮ ಒಣಗಿದರೆ ಜೀವ ಹೋಯಿತು. ಬಯಲುಸೀಮೆಯ ಬಿಲಗಪ್ಪೆಗಳು ಇದಕ್ಕೆ ಕಂಡುಕೊಂಡ ಉಪಾಯ ನೆಲದೊಳಗೆ ಇಳಿಯುವುದು. ಅವುಗಳ ಹಿಂಗಾಲಿನ ಅಡಿಯಲ್ಲಿ ಗುದ್ದಲಿಯ ಬಾಯಿಯಂಥ ಗಟ್ಟಿ ಗಂಟೊಂದು ಇರುತ್ತದೆ. ಕೂತಲ್ಲೇ ಹಿಂಗಾಲು ಆಡಿಸುತ್ತ, ಮುಖ ಮೇಲೆ ಮಾಡಿಕೊಂಡೇ ಹಿಮ್ಮುಖವಾಗಿ ಮಣ್ಣಿಗೆ ಇಳಿದುಬಿಡುತ್ತವೆ. ನೋಡುನೋಡುತ್ತಿದ್ದಂತೆ ಮೂಗಿನ ತುದಿಯೂ ಮರೆಯಾಗುತ್ತದೆ. ಮೊದಲ ದೊಡ್ಡ ಮಳೆಗೆ ಇವು ಮೇಲೆ ಬಂದು ಕೂಗಿ, ಜೊತೆ ಕಂಡು, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಮತ್ತೆ ಮಾಯ. ‘ಈ ವರ್ಷ ಮಳೆಗಾಲದಲ್ಲಿ ನೋಡೋಣ’ ಎಂದುಕೊಂಡು ಜುಲೈಯಲ್ಲಿ ಹೋದವರಿಗೆ ಇವು ಕಾಣದೇ ಹೋಗಬಹುದು.

ಸರೀಸೃಪಗಳ ಗಡಿಯಾರ ಬೇರೆಯೇ. ಹಲವು ಹಾವು, ಓತಿಗಳು ಜೊತೆಗೂಡುವುದು ಒಣಗಾಲದ ಕೊನೆಗೆ. ಮರಿ ಹೊರಬರುವ ಹೊತ್ತಿಗೆ ಮಳೆ ಹಿಡಿದು, ಹುಳಹುಪ್ಪಟೆ ತುಂಬಿರಲಿ ಎಂಬ ಲೆಕ್ಕ. ಬೇಲಿಯ ಮೇಲೆ ಓತಿಕೇತನ ಕತ್ತು ಕೆಂಪಾಗುವುದು ಈ ದಿನಗಳಲ್ಲೇ. ರಕ್ತ ಹೀರುತ್ತದೆ ಎಂಬ ಅಪವಾದ ಹೊತ್ತು ಪಾಪ ಅದು ಎಷ್ಟು ಕಲ್ಲೇಟು ತಿಂದಿದೆಯೋ! ಆ ಕೆಂಪು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು. ಹೀಗೆ ಮಾರ್ಚ್‌ನಿಂದ ಮೇ ತನಕದ ಅವಧಿ ಎರಡೂ ಗಡಿಯಾರಗಳು ಕೂಡುವ ಹೊತ್ತು. ಹಗಲು ಓತಿ, ಹಾವುಗಳ ಸಂಸಾರ, ಮಳೆ ಬಿದ್ದ ರಾತ್ರಿ ಕಪ್ಪೆಗಳದು. ಹುಲ್ಲು, ಪೊದೆ ಇನ್ನೂ ಬೆಳೆದಿರುವುದಿಲ್ಲ, ಹಾಗಾಗಿ ಕಣ್ಣಿಗೂ ಅಡ್ಡಿ ಕಡಿಮೆ.

ಬಾಟಲಿಯಲ್ಲಿ ಕಳೆದುಹೋದ ಕಪ್ಪೆಗಳು

ಹಿಡಿಯುವ ಹುಡುಕಾಟಕ್ಕೂ ಕೇಳುವ ಹುಡುಕಾಟಕ್ಕೂ ಇರುವ ವ್ಯತ್ಯಾಸ ತಿಳಿಯಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಒಂದು ಕಥೆ ಕೇಳಬೇಕು. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ.ಆರ್. ನಾರಾಯಣ ರಾವ್ ದಕ್ಷಿಣ ಭಾರತದ ಕಪ್ಪೆಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1920ರಲ್ಲಿ ಕೊಡಗಿನ ಜೌಗಿನ ಇರುಳುಗಪ್ಪೆಯೊಂದನ್ನು, 1937ರಲ್ಲಿ ಮಲೆನಾಡಿನ ಇನ್ನಷ್ಟು ಕಪ್ಪೆಗಳನ್ನು ಅವರು ವಿವರಿಸಿದರು. ಕೆಂಪುಹೊಳೆ, ಕೊಟ್ಟಿಗೆಹಾರದಂಥ ನಮ್ಮ ಊರು, ಹೊಳೆಗಳ ಹೆಸರು ಲ್ಯಾಟಿನ್ ವೇಷ ತೊಟ್ಟು ವಿಜ್ಞಾನದ ಪುಸ್ತಕ ಸೇರಿದ್ದು ಹಾಗೆ. ಆದರೆ ಅವರು ಕಾಲೇಜಿನಲ್ಲಿ ಇಟ್ಟಿದ್ದ ಮೂಲ ಮಾದರಿಗಳು, ಅಂದರೆ ‘ಈ ಹೆಸರು ಇಂಥದೇ ಕಪ್ಪೆಗೆ’ ಎಂದು ತೋರಿಸುವ ಆ ಬಾಟಲಿಗಳು, ಕಾಲಾಂತರದಲ್ಲಿ ಕಳೆದುಹೋದವು. ಉಳಿದದ್ದು ಬರೆದಿಟ್ಟ ವರ್ಣನೆ ಮಾತ್ರ. ಒಂದೇ ತೊರೆಯಲ್ಲಿ ಕಂದು ಬಣ್ಣದ, ಸುಕ್ಕು ಚರ್ಮದ, ಒಂದನ್ನೊಂದು ಹೋಲುವ ಮೂರು ನಾಲ್ಕು ಕಪ್ಪೆಗಳಿರುವಾಗ ಹಳೆಯ ವರ್ಣನೆ ಓದಿ ಯಾವುದು ಯಾವುದೆಂದು ಹೇಳುವುದು ಜಾತಕ ನೋಡಿ ಹುಡುಗನ ಮುಖ ಹೇಳಿದಂತೆ.

ಹೀಗೆ ಹಲವು ಕಪ್ಪೆಗಳು ಕಾಗದದ ಮೇಲಷ್ಟೇ ಉಳಿದು ‘ಕಾಣೆಯಾದವು’ ಎನಿಸಿಕೊಂಡವು. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಎಸ್.ಡಿ. ಬಿಜು ಅವರ ನೇತೃತ್ವದಲ್ಲಿ ಕಳೆದುಹೋದ ಕಪ್ಪೆಗಳನ್ನು ಹುಡುಕುವ ಅಭಿಯಾನ ಶುರುವಾಯಿತು. ಮರುವರ್ಷ ಪ್ರಕಟವಾದ ಇರುಳುಗಪ್ಪೆಗಳ ಅಧ್ಯಯನದಲ್ಲಿ 12 ಹೊಸ ಪ್ರಭೇದಗಳ ಜೊತೆ ಮೂರು ಹಳಬರೂ ಮರಳಿ ಸಿಕ್ಕಿದ್ದರು. ಕೊಡಗಿನ ಇರುಳುಗಪ್ಪೆ ಕಂಡದ್ದು 91 ವರ್ಷಗಳ ಬಳಿಕ. ಕೆಂಪುಹೊಳೆಯದು ಸುಮಾರು 75 ವರ್ಷಗಳ ಬಳಿಕ. ಅವು ಎಲ್ಲಿಗೂ ಹೋಗಿರಲಿಲ್ಲ. ತಮ್ಮ ತೊರೆಯಲ್ಲಿ ಪ್ರತಿ ಮಳೆಗಾಲವೂ ಕೂಗುತ್ತಲೇ ಇದ್ದವು. ನಾರಾಯಣ ರಾಯರ ಕಾಲದಲ್ಲಿ ಕಪ್ಪೆಯ ಕೂಗನ್ನು ಕಾಡಿನಲ್ಲಿ ದಾಖಲಿಸಿ ತರುವ ಸಲಕರಣೆ ಕೈಗೆಟುಕುವಂತಿರಲಿಲ್ಲ, ಅದು ಅವರ ತಪ್ಪಲ್ಲ. ಆದರೆ ಇವತ್ತು ಆ ಬಾಟಲಿಗಳ ಬದಲು ಅರ್ಧ ನಿಮಿಷದ ಒಂದೊಂದು ಧ್ವನಿ ನಮ್ಮ ಬಳಿ ಇದ್ದಿದ್ದರೆ ಇಷ್ಟು ದಶಕಗಳ ಗೊಂದಲ ಎಷ್ಟು ಕಡಿಮೆಯಾಗುತ್ತಿತ್ತು! ಗಂಡುಕಪ್ಪೆ ಬಾಯಿ ಮುಚ್ಚಿಕೊಂಡೇ ಶ್ವಾಸಕೋಶದ ಗಾಳಿಯನ್ನು ಗಂಟಲ ಚೀಲಕ್ಕೂ ಅಲ್ಲಿಂದ ಹಿಂದಕ್ಕೂ ಓಡಿಸಿ ಕೂಗುತ್ತದೆ. ಹೆಣ್ಣು ಗುರುತು ಹಿಡಿಯುವುದು ಆ ಕೂಗಿನಿಂದ. ಹೆಣ್ಣಿಗೆ ಪಕ್ಕದ ಜಾತಿಯ ಗಂಡಿನೊಂದಿಗೆ ಎಡವಟ್ಟಾಗಬಾರದೆಂದರೆ ಕೂಗು ಜಾತಿಗೊಂದು ಇರಲೇಬೇಕು. ನೋಡಲು ಅವಳಿಗಳಂತಿರುವ ಎರಡು ಕಪ್ಪೆಗಳು ಕೂಗಿದ ಕೂಡಲೇ ಬೇರೆಯೆಂದು ತಿಳಿಯುವುದು ಇದರಿಂದ. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ‘ರಾವೊರ್ಕೆಸ್ಟಿಸ್’ ಎಂದು ನಾರಾಯಣ ರಾಯರ ಹೆಸರನ್ನೇ ಇಡಲಾಯಿತು. ಅದರ ಸದಸ್ಯರು ಮಲೆನಾಡಿನ ತೋಟಗಳಲ್ಲಿ ಏಲಕ್ಕಿ ಎಲೆಯ ಮೇಲೆ ಕೂತು ರಾತ್ರಿಯಿಡೀ ಹಾಡುತ್ತಾರೆ.

ಕಿವಿಯೇ ಎಲ್ಲವೂ ಎಂದಲ್ಲ. ಕೊಟ್ಟಿಗೆಹಾರದ ಹೆಸರು ಹೊತ್ತಿರುವ ಕಪ್ಪೆಯ ಬಳಗವನ್ನೇ ನೋಡಿ. ಭೋರ್ಗರೆಯುವ ತೊರೆಯ ಪಕ್ಕದಲ್ಲಿ ಬಾಳುವ ಇವಕ್ಕೆ ತಮ್ಮ ಕೂಗು ನೀರಿನ ಸದ್ದಿನಲ್ಲಿ ಮುಳುಗುತ್ತದೆ ಎಂಬುದು ಗೊತ್ತು. ಅದಕ್ಕೇ ಬಂಡೆಯ ಮೇಲೆ ಕೂತು ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳ ನಡುವಿನ ಪೊರೆ ಅಗಲಿಸಿ ಬಾವುಟದಂತೆ ಬೀಸುತ್ತವೆ. ‘ಕುಣಿಯುವ ಕಪ್ಪೆ’ ಎಂಬ ಹೆಸರು ಬಂದದ್ದು ಹಾಗೆ. ಈ ಬಳಗದ 14 ಹೊಸ ಪ್ರಭೇದಗಳನ್ನು 2014ರಲ್ಲಿ ಒಟ್ಟಿಗೆ ವಿವರಿಸಲಾಯಿತು. ಬಾಟಲಿಯಲ್ಲಿ ಮುಳುಗಿಸಿಟ್ಟ ಕಪ್ಪೆ ಹಾಡುವುದೂ ಇಲ್ಲ, ಕುಣಿಯುವುದೂ ಇಲ್ಲ.

ಪಾದೆ, ಗದ್ದೆ, ಪಾಳುಭೂಮಿ

ಈಗ ಜಾಗದ ಮಾತು. ಮಣಿಪಾಲದ ಆಸುಪಾಸಿನ ಮುರಕಲ್ಲಿನ ಪಾದೆಗಳನ್ನು ಕರಾವಳಿಯ ಜನ ಬಲ್ಲರು. ಬೇಸಿಗೆಯಲ್ಲಿ ಕಾದ ಕಾವಲಿ, ಮಳೆ ಬಿದ್ದ ವಾರದಲ್ಲಿ ಹಸಿರು ಚಾಪೆ. ಪಹಣಿಯಲ್ಲಿ ಇಂಥ ನೆಲಕ್ಕೆ ಸಾಮಾನ್ಯವಾಗಿ ಸಿಗುವ ಹೆಸರು ‘ಖರಾಬು’. ಕೇಂದ್ರ ಸರ್ಕಾರ ಹೊರತರುವ ಪಾಳುಭೂಮಿ ನಕಾಶೆಯಲ್ಲಿಯೂ ಬೋಳು ಕಲ್ಲುನೆಲಕ್ಕೆ ಒಂದು ಪ್ರತ್ಯೇಕ ಖಾನೆ ಇದೆ. ಅಲ್ಲಿ ಕಲ್ಲು ಕೊಯ್ಯಬಹುದು, ಕಸ ಸುರಿಯಬಹುದು, ಲೇಔಟ್ ಮಾಡಬಹುದು. ಯಾರಿಗೂ ಏನೂ ಅನ್ನಿಸುವುದಿಲ್ಲ. ಅಂಥ ಪಾದೆಯೊಂದರಲ್ಲಿ ಜೀರುಂಡೆಯ ಸದ್ದೆಂದು ಸುಲಭವಾಗಿ ಮೋಸಹೋಗಬಹುದಾದ ಕೂಗೊಂದು ಹವ್ಯಾಸಿ ನಿಸರ್ಗ ವೀಕ್ಷಕರೊಬ್ಬರ ಕಿವಿಗೆ ಬಿತ್ತು. ಕೂಗುತ್ತಿದ್ದದ್ದು ಹೆಬ್ಬೆರಳ ಉಗುರಿನಷ್ಟು, ಸುಮಾರು 1.6 ಸೆಂಟಿಮೀಟರ್ ಉದ್ದದ ಕಪ್ಪೆ. 2016ರಲ್ಲಿ ಅದನ್ನು ‘ಮೈಕ್ರೊಹೈಲಾ ಲ್ಯಾಟರೈಟ್’ ಎಂದು ಹೆಸರಿಸಲಾಯಿತು. ವ್ಯಕ್ತಿಯ ಹೆಸರು ಬಿಟ್ಟು ಮುರಕಲ್ಲಿನ ಹೆಸರು ಇಟ್ಟದ್ದರಲ್ಲಿ ಉದ್ದೇಶವಿತ್ತು: ಈ ಕಲ್ಲುನೆಲದ ಕಡೆಗೆ ಜನ ತಿರುಗಿ ನೋಡಲಿ ಎಂದು.

ಅದೇ ವರ್ಷ ಕರಾವಳಿಯ ತಗ್ಗುನೆಲದಿಂದ ಇನ್ನೊಂದು ಕಪ್ಪೆ ಬಂತು. ‘ಯೂಫ್ಲಿಕ್ಟಿಸ್ ಕರಾವಳಿ’, ಹೆಸರೇ ಕನ್ನಡದ್ದು. ಅದರ ಕೂಗು ಬಿಳಿಗೊರಳಿನ ಮಿಂಚುಳ್ಳಿಯದನ್ನು ಹೋಲುತ್ತದೆ. ಅದನ್ನು ವಿವರಿಸಿದವರ ಪಟ್ಟಿಯಲ್ಲಿ ಸಂಶೋಧಕರ ಜೊತೆ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರ ಹೆಸರೂ ಇದೆ. ಪ್ರತಿದಿನ ಅದೇ ದಾರಿಯಲ್ಲಿ ನಡೆಯುವವನಿಗೆ ಹೊಸ ಸದ್ದು ಹೊಸದೆಂದು ತಿಳಿಯುತ್ತದೆ. ಎರಡು ದಿನಕ್ಕೆಂದು ಬಂದವರಿಗೆ ಎಲ್ಲ ಸದ್ದೂ ಹೊಸದೇ. 2020ರಲ್ಲಿ ಬೆಂಗಳೂರಿನ ಹೊರವಲಯದ ಪಾಳುಭೂಮಿಯಿಂದ ಬಿಲಗಪ್ಪೆಯೊಂದು ವಿವರಣೆಗೊಂಡು ‘ಸ್ಫೇರೊತೀಕಾ ಬೆಂಗಳೂರು’ ಎಂದು ಹೆಸರು ಪಡೆಯಿತು. ಕೋಟಿ ಜನ ಬದುಕುವ ನಗರದ ಬಗಲಲ್ಲಿ ಹೆಸರಿಲ್ಲದ ಕಪ್ಪೆ!

ಮಂಗಳೂರಿನ ಪ್ರಕರಣ ಇವೆಲ್ಲಕ್ಕಿಂತ ಸ್ವಾರಸ್ಯದ್ದು. 2018ರಲ್ಲಿ ನಗರದ ಕೈಗಾರಿಕಾ ಪ್ರದೇಶದ ಬಳಿ ಸಿಕ್ಕ ಪುಟ್ಟ ಕಪ್ಪೆಗೆ, ಮಂಗಳೂರಿನ ಕೊಂಕಣಿ ಹೆಸರಾದ ‘ಕೊಡಿಯಾಲ್’ ಸೇರಿಸಿ ‘ಮೈಕ್ರೊಹೈಲಾ ಕೊಡಿಯಾಲ್’ ಎಂದು ಕರೆದರು. ಆದರೆ ವಂಶಾವಳಿ ನೋಡಿದರೆ ಅದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದವರು. ಅದು ಸಿಕ್ಕ ಜಾಗದಲ್ಲಿ ಹಿಂದೆ ಮ್ಯಾನ್ಮಾರ್, ಮಲೇಷ್ಯಾ ಕಡೆಯಿಂದ ಹಡಗಿನಲ್ಲಿ ಬಂದ ಮರದ ದಿಮ್ಮಿಗಳನ್ನು ರಾಶಿ ಹಾಕುತ್ತಿದ್ದರು. ಹಾಗಾದರೆ ಇದು ನಮ್ಮದೋ, ದಿಮ್ಮಿಯ ಜೊತೆ ಬಂದ ಅತಿಥಿಯೋ? ‘ಸ್ಥಳೀಯ’ ಎಂಬ ಮಾತು ನಾವು ಎಣಿಸಿದಷ್ಟು ಸಲೀಸಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಸಿಗಲಾರದು. ಮಂಗಳೂರಿನ ಪ್ರತಿ ಬಡಾವಣೆಯ ಕೂಗುಗಳನ್ನು ಯಾರಾದರೂ ಮೂವತ್ತು ವರ್ಷಗಳ ಹಿಂದೆಯೇ ದಾಖಲಿಸಿಟ್ಟಿದ್ದರೆ ಈ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತಿತ್ತು.

ಕತ್ತಲೆಕಾನಿನ ಕುಂಬಾರ

ಮನೆ ಹತ್ತಿರದ ಹುಡುಕಾಟ ಎಂದ ಕೂಡಲೇ ‘ಹಾಗಾದರೆ ಕಾಡು ಬೇಡವೇ?’ ಎಂಬ ಆಕ್ಷೇಪ ಏಳುತ್ತದೆ. ಬೇಕು, ಖಂಡಿತ ಬೇಕು. ಆದರೆ ಅಲ್ಲಿಯೂ ಫಲ ಕೊಟ್ಟದ್ದು ಹಿಡಿಯುವ ಆತುರವಲ್ಲ. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ವಿವರಿಸಿದ ಇರುಳುಗಪ್ಪೆಯನ್ನು ನೋಡಿ. ತೊರೆಯ ಮೇಲೆ ಬಾಗಿದ ಕಡ್ಡಿಗೆ ಹೆಣ್ಣು ಮುಂಗೈಯೂರಿ ತಲೆಕೆಳಗಾಗಿ ಮೊಟ್ಟೆ ಅಂಟಿಸಿ ಹೊರಟುಹೋಗುತ್ತದೆ. ಆಮೇಲೆ ಗಂಡಿನ ಕೆಲಸ. ಅದು ನೀರಿನ ತಳದ ಕೆಸರನ್ನು ಮುಂಗೈಗಳಲ್ಲಿ ಬಾಚಿಕೊಂಡು, ಹಿಂಗಾಲಿನ ಮೇಲೆ ಮನುಷ್ಯನಂತೆ ಎದ್ದು ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಬಗ್ಗುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಪೂರ್ತಿ ಮುಚ್ಚುವ ತನಕ. ಒಣಗದಿರಲೆಂದೋ, ತಿನ್ನುವವರ ಕಣ್ಣಿಗೆ ಬೀಳದಿರಲೆಂದೋ ಇರಬೇಕು. ಇಂಥ ವರ್ತನೆ ಅದುವರೆಗೆ ಬೇರಾವ ಕಪ್ಪೆಯಲ್ಲೂ ದಾಖಲಾಗಿರಲಿಲ್ಲ. 2014ರಲ್ಲಿ ಅದಕ್ಕೆ ಇಟ್ಟ ಹೆಸರು ‘ನಿಕ್ಟಿಬೆಟ್ರಾಕಸ್ ಕುಂಬಾರ’. ಈ ಕಪ್ಪೆಯನ್ನು ಟಾರ್ಚು ಬಿಟ್ಟು ಗಪ್ಪನೆ ಹಿಡಿದಿದ್ದರೆ ಕೈಗೆ ಸಿಗುತ್ತಿದ್ದದ್ದು ಇನ್ನೊಂದು ಕಂದು ಕಪ್ಪೆ, ಅಷ್ಟೇ. ಕುಂಬಾರ ಸಿಕ್ಕಿದ್ದು ಇರುಳೆಲ್ಲ ಕಾದು ಕೂತವರಿಗೆ.

ಹಾಡದವರ ಹುಡುಕಾಟ

ಓತಿಗಳು ಹಾಡುವುದಿಲ್ಲ, ಬಣ್ಣದಲ್ಲಿ ಮಾತಾಡುತ್ತವೆ. ಉತ್ತರ ಕರ್ನಾಟಕದ ಒಣ ಬಯಲು, ಎರೆಹೊಲದ ಬದುಗಳಲ್ಲಿ ಬೇಸಿಗೆಯ ಬೆಳಗು ಬೀಸಣಿಗೆ ಗಂಟಲಿನ ಓತಿಗಳ ಹಬ್ಬ. ಇಡೀ ವರ್ಷ ಮಣ್ಣಿನ ಬಣ್ಣದಲ್ಲಿ ಯಾರ ಗಮನಕ್ಕೂ ಬಾರದೆ ಇದ್ದ ಗಂಡು, ಈಗ ಸಣ್ಣ ಕಲ್ಲೊಂದನ್ನು ಏರಿ ಗಂಟಲ ಕೆಳಗಿನ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚುತ್ತದೆ: ನೀಲಿ, ಕಪ್ಪು, ಕಿತ್ತಳೆ. ಒಂದು ಕ್ಷಣ, ಮಡಚಿತು, ಮತ್ತೆ ಬಿಚ್ಚಿತು. ಇವುಗಳಲ್ಲಿ ಒಂದು ಗುಂಪನ್ನು ‘ಸರಡಾ’ ಎಂಬ ಪ್ರತ್ಯೇಕ ಕುಲವಾಗಿ ಬೇರ್ಪಡಿಸಿದ್ದು 2016ರಲ್ಲಿ. ಸರಡಾ ಎಂದರೆ ಮರಾಠಿಯಲ್ಲಿ ಓತಿ. ಈ ಬಯಲುಗಳೂ ದಾಖಲೆಯಲ್ಲಿ ‘ಖಾಲಿ’ ಜಾಗವೇ, ಹಾಗಾಗಿ ಗಾಳಿಯಂತ್ರಕ್ಕೆ ಸಲೀಸು. ಪಕ್ಕದ ರಾಜ್ಯದ ಸಾತಾರಾ ಬಳಿಯ ಚಾಳ್ಕೇವಾಡಿ ಪ್ರಸ್ಥಭೂಮಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುವುದು ಬೇರೆ: ಗಾಳಿಯಂತ್ರಗಳಿರುವಲ್ಲಿ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ತಿನ್ನುವವರಿಲ್ಲದೆ ಓತಿಗಳ ಸಂಖ್ಯೆ ಹೆಚ್ಚು, ಅವುಗಳ ಹೆದರಿಕೆಯೂ ಕಡಿಮೆ. ‘ಖಾಲಿ’ ಎನ್ನುವ ನೆಲದಲ್ಲಿ ಹದ್ದಿನಿಂದ ಓತಿಗೆ, ಓತಿಯಿಂದ ಮಿಡತೆಗೆ ಕೊಂಡಿ ಹೆಣೆದುಕೊಂಡಿತ್ತು ಎಂದಾಯಿತು.

ಹಾರುವ ಓತಿಯ ವಿಷಯದಲ್ಲಂತೂ ಕನ್ನಡ ಓದುಗರಿಗೆ ‘ಕರ್ವಾಲೊ’ ಕಾದಂಬರಿಯೇ ಪಠ್ಯ. ಅಲ್ಲಿ ಆ ಜೀವಿಗಾಗಿ ಕಾಡಿನ ಆಳಕ್ಕೆ ದೊಡ್ಡ ಪಯಣವೇ ನಡೆಯುತ್ತದೆ. ಕಾದಂಬರಿಗೆ ಅದು ಬೇಕು. ನಮ್ಮ ಮಲೆನಾಡಿನ ನಿಜವಾದ ಹಾರುವ ಓತಿ ಮಾತ್ರ ಬೇಸಿಗೆಯ ಬಿಸಿಲೇರುವ ಹೊತ್ತಿಗೆ ಅಡಿಕೆ ತೋಟದಲ್ಲೇ ಕಾಣಸಿಗುತ್ತದೆ. ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡು ಗಂಟಲ ಹಳದಿ ಪಟ್ಟಿ ಆಡಿಸಿ, ಪಕ್ಕೆಲುಬಿನ ರೆಕ್ಕೆ ಬಿಚ್ಚಿ ಮುಂದಿನ ಮರಕ್ಕೆ ತೇಲುತ್ತದೆ. ಕೊಳೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗೌಡನಿಗೆ ಅದೇನು ಹೊಸದಲ್ಲ.

ಇನ್ನು ಕಾಳಿಂಗ. 1836ರಿಂದ ಒಂದೇ ಪ್ರಭೇದವೆಂದು ಎಣಿಸಿದ್ದ ಈ ಹಾವು ನಾಲ್ಕು ಪ್ರಭೇದಗಳೆಂದು 2024ರಲ್ಲಿ ಸಂಶೋಧಕ ಪಿ. ಗೌರಿ ಶಂಕರ್ ಮತ್ತು ಸಂಗಡಿಗರು ತೋರಿಸಿದರು. ಪಶ್ಚಿಮ ಘಟ್ಟದ್ದಕ್ಕೆ ಸಿಕ್ಕ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ಮಲೆನಾಡಿನ ಅಜ್ಜಿ ಕರೆಯುತ್ತಿದ್ದ ಹೆಸರೇ ಈಗ ಜಗತ್ತಿಗೆಲ್ಲ. ಆಗುಂಬೆ ಸುತ್ತಮುತ್ತ ವಸಂತದಲ್ಲಿ ಇವು ಜೊತೆಗೂಡುತ್ತವೆ. ಆಮೇಲೆ ಹೆಣ್ಣು ತನ್ನ ಮೈಸುರುಳಿಯಿಂದ ತರಗೆಲೆ ಎಳೆದು ಗುಡ್ಡೆ ಹಾಕಿ, ಅದರೊಳಗೆ ಮೊಟ್ಟೆಯಿಡುತ್ತದೆ. ಹೀಗೆ ಗೂಡು ಕಟ್ಟುವುದು ಹಾವುಗಳಲ್ಲಿ ಕಾಳಿಂಗದ ವಿಶೇಷ. ಇಂಥ ಗೂಡು ಕಂಡರೆ ‘ಹುಡುಕಾಟ’ ಅಲ್ಲಿಗೆ ನಿಲ್ಲಬೇಕು: ದೂರದಿಂದ ನೋಡಿ, ಬಲ್ಲವರಿಗೆ ತಿಳಿಸಿ, ತಿರುಗಿ ಬರುವುದು. ಹಾವನ್ನು ಹಿಡಿದು ದೂರದ ಕಾಡಿಗೆ ಬಿಟ್ಟರೆ ಒಳ್ಳೆಯದಲ್ಲವೇ ಎಂದು ಕೇಳುವವರು ಬಹಳ. ಆಗುಂಬೆಯಲ್ಲಿ ಹಾವಿನ ಮೈಯೊಳಗೆ ರೇಡಿಯೊ ಟ್ರಾನ್ಸ್‌ಮಿಟರ್ ಇರಿಸಿ ನಡೆಸಿದ ಪ್ರಾಥಮಿಕ ಅಧ್ಯಯನದಲ್ಲಿ ಹಾಗೆ ಒಯ್ದು ಬಿಟ್ಟ ಕಾಳಿಂಗ ನೆಲೆ ನಿಲ್ಲದೆ ಬಹುದೂರ ಅಲೆಯಿತು. ಉಪಕಾರವೆಂದು ಮಾಡಿದ್ದು ಗಡೀಪಾರಾಯಿತು.

ಹವ್ಯಾಸಿಗಳಿಂದ ಕೇಡಾಗದೇ?

ಆಗಬಹುದು, ಅದನ್ನು ಮುಚ್ಚಿಡಬೇಕಾಗಿಲ್ಲ. ಮೊದಲನೆಯದು ಮುಟ್ಟುವ ಚಪಲ. ನಮ್ಮ ಕೈಯ ಸೋಪು, ಸೊಳ್ಳೆ ಮುಲಾಮು ಎಲ್ಲವೂ ಕಪ್ಪೆಯ ಚರ್ಮದೊಳಗೆ ಇಳಿಯುತ್ತವೆ. ಅಮೆರಿಕ ಖಂಡಗಳಲ್ಲಿ, ಆಸ್ಟ್ರೇಲಿಯಾದಲ್ಲಿ ಕಪ್ಪೆಗಳನ್ನು ನಿರ್ನಾಮ ಮಾಡಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಪುಣ್ಯಕ್ಕೆ ಇಲ್ಲಿ ಸಾಮೂಹಿಕ ಸಾವು ಕಂಡುಬಂದಿಲ್ಲ. ಒಂದು ತೊರೆಯ ಕೆಸರನ್ನು ಇನ್ನೊಂದಕ್ಕೆ ಒಯ್ಯುವುದು ನಮ್ಮ ಬೂಟು. ತೊಳೆದು ಒಣಗಿಸದೆ ಮುಂದಿನ ತೊರೆಗೆ ಇಳಿಯುವವರು ಸಂಶೋಧಕರೇ ಆಗಲಿ, ಫೋಟೊಗ್ರಾಫರೇ ಆಗಲಿ, ಮನೆಯಲ್ಲಿರುವುದು ಒಳ್ಳೆಯದು.

ಎರಡನೆಯದು ಜಾಗ ಬಯಲಾಗುವುದು. ನಕ್ಷತ್ರ ಆಮೆಯ ಕಳ್ಳಸಾಗಣೆಯ ಬಗ್ಗೆ ನಡೆದ ಒಂದು ಅಧ್ಯಯನ, ಭಾರತದ ಒಂದೇ ಕೇಂದ್ರದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳು ಕಾಡಿನಿಂದ ಹೋಗುತ್ತಿವೆ ಎಂದು ಲೆಕ್ಕ ಹಾಕಿತ್ತು. ನಿಧಿ ತೋರಿಸುತ್ತದೆ, ಅದೃಷ್ಟ ತರುತ್ತದೆ ಎಂಬ ಮೂಢನಂಬಿಕೆಗೆ ಮಣ್ಣುಮುಕ್ಕ ಹಾವು ಬಲಿಯಾಗುತ್ತಿರುವುದನ್ನು ನಮ್ಮ ಪತ್ರಿಕೆಗಳ ಅಪರಾಧ ಪುಟ ಓದುವ ಎಲ್ಲರೂ ಬಲ್ಲರು. ಆದ್ದರಿಂದ ಇಂಥ ಜೀವಿ ಕಂಡಾಗ ಊರ ಹೆಸರು, ಮ್ಯಾಪ್ ಗುರುತು ಹಾಕಿ ಫೇಸ್‌ಬುಕ್ಕಿಗೆ ಏರಿಸುವುದು ಕಳ್ಳನಿಗೆ ಬೀಗದ ಕೈ ಕೊಟ್ಟಂತೆ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಪ್ರಭೇದಗಳ ನಿಖರ ಜಾಗವನ್ನು ತಾವಾಗಿಯೇ ಮರೆಮಾಚುತ್ತವೆ; ವಾಟ್ಸ್ಆ್ಯಪ್ ಗುಂಪಿಗೆ ಆ ವಿವೇಕ ಇಲ್ಲ.

ಮೂರನೆಯದು ಪ್ರಾಣಭಯ, ನ್ಯಾಯವಾದದ್ದೇ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿತು. ರಾತ್ರಿ ಹೊರಗೆ ಕಾಲಿಡುವವರಿಗೆ ಟಾರ್ಚು, ಮೊಣಕಾಲ ತನಕದ ಬೂಟು, ಜೊತೆಗೊಬ್ಬರು ಇರಲೇಬೇಕು. ಹಾವನ್ನು ಕೈಯಲ್ಲಿ ಎತ್ತಿ ವಿಡಿಯೊ ಮಾಡುವುದು ಧೈರ್ಯವಲ್ಲ, ದಡ್ಡತನ. ಕಾಳಿಂಗ, ನಾಗರ, ಉಡಗಳ ವಿಷಯದಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ ಕೂಡ.

ಕೊನೆಗೆ ವಿಜ್ಞಾನಿಗಳೇ ಎತ್ತುವ ತಕರಾರು: ಫೋನಿನ ಧ್ವನಿಯಿಂದ ಹೊಸ ಪ್ರಭೇದ ಸಾಬೀತಾಗುತ್ತದೆಯೇ? ಆಗುವುದಿಲ್ಲ. ಅದಕ್ಕೆ ಡಿಎನ್‌ಎ ಬೇಕು, ಅಳತೆ ಬೇಕು, ಅನುಮತಿ ಪಡೆದು ತೆಗೆದ ಮಾದರಿಯೂ ಬೇಕು. ಸೆಕೆ ಹೆಚ್ಚಾದರೆ ಅದೇ ಕಪ್ಪೆ ಬೇಗ ಬೇಗ ಕೂಗುವುದರಿಂದ ಬರಿಯ ಕೂಗನ್ನು ನಂಬಿ ಮೋಸಹೋಗಲೂಬಹುದು. ಆದರೆ ಲ್ಯಾಬಿಗೆ ಯಾವ ಕಪ್ಪೆ ಹೋಗಬೇಕು ಎಂದು ತೀರ್ಮಾನಿಸುವುದು ಸಂಶಯ. ಆ ಸಂಶಯ ಹುಟ್ಟುವುದು ಕಿವಿಯಲ್ಲಿ. ಇದಕ್ಕಿಂತ ದೊಡ್ಡ ಉಪಯೋಗ ಬೇರೆಯಿದೆ. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯವಾಸಿಗಳಲ್ಲಿ ಶೇಕಡಾ 41 ಪ್ರಭೇದಗಳು ಅಪಾಯದಲ್ಲಿವೆ. 2022ರ ಲೆಕ್ಕದಂತೆ ಸರೀಸೃಪಗಳಲ್ಲಿ ಶೇಕಡಾ 21. ಒಂದು ಕಪ್ಪೆ ನಮ್ಮೂರಿಂದ ಮಾಯವಾಗಿದೆ ಎನ್ನಬೇಕಾದರೆ ಮೊದಲು ಅದು ಇತ್ತು ಎಂಬ ದಾಖಲೆ ಇರಬೇಕಲ್ಲ! ಆ ದಾಖಲೆಯನ್ನು ರಾಜ್ಯದ ಪ್ರತಿ ಹೊಂಡದ ಬಳಿ ಕೂತು ಬರೆಯುವಷ್ಟು ವಿಜ್ಞಾನಿಗಳು ಯಾವ ಕಾಲಕ್ಕೂ ಇರುವುದಿಲ್ಲ. ಕಲ್ಲುಕೋರೆಗೆ ಅರ್ಜಿ ಬಿದ್ದ ಪಾದೆಯಲ್ಲಿ ಏನಿತ್ತು ಎಂಬ ಪ್ರಶ್ನೆ ಬಂದಾಗ ಐದು ವರ್ಷಗಳ, ದಿನಾಂಕ ಸಹಿತದ ಇಪ್ಪತ್ತು ಧ್ವನಿಮುದ್ರಣಗಳು ಖರಾಬು ಎಂಬ ಪದಕ್ಕೆ ಎದುರಾಗಿ ನಿಲ್ಲಬಲ್ಲವು.

ಈ ಮೇ ತಿಂಗಳಲ್ಲಿ

ಬೇಕಾದ ಸಾಮಾನು ಮನೆಯಲ್ಲೇ ಇದೆ. ಮನೆಯಿಂದ ನಡೆದು ಹೋಗಬಹುದಾದ ಒಂದು ಜಾಗ ಆರಿಸಿಕೊಳ್ಳಿ: ಕೆರೆಯ ಕೋಡಿ, ಗದ್ದೆಯ ಬದು, ಶಾಲೆಯ ಹಿಂದಿನ ಗುಂಡಿ, ಖಾಲಿ ಸೈಟು. ಮೀಸಲು ಅರಣ್ಯ ಬೇಡ, ಅದಕ್ಕೆ ಇಲಾಖೆಯ ಅನುಮತಿ ಬೇಕು. ಕೃತ್ತಿಕಾ ಮಳೆಯೋ ರೋಹಿಣಿಯೋ ಜೋರಾಗಿ ಬಿದ್ದ ರಾತ್ರಿ ಎಂಟರ ಹೊತ್ತಿಗೆ ಅಲ್ಲಿ ಟಾರ್ಚು ಆರಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಿ. ನಿಮ್ಮ ಹೆಜ್ಜೆಗೆ ನಿಂತ ಕೂಗು ಮತ್ತೆ ಶುರುವಾಗುತ್ತದೆ. ಫೋನಿನಲ್ಲಿ ಅರ್ಧ ನಿಮಿಷ ದಾಖಲಿಸಿ. ಶುರುವಿನಲ್ಲೇ ಊರು, ದಿನಾಂಕ, ಗಂಟೆ, ಮಳೆ ಎಷ್ಟು ಹೊತ್ತಿನ ಹಿಂದೆ ನಿಂತಿತು ಎಂಬುದನ್ನು ನಿಮ್ಮ ದನಿಯಲ್ಲೇ ಹೇಳಿಬಿಡಿ, ಬೇರೆ ಪುಸ್ತಕ ಬೇಡ. ದಾಖಲಿಸಿದ್ದನ್ನು ಅಲ್ಲೇ ಮತ್ತೆ ಕಪ್ಪೆಗೆ ಕೇಳಿಸುವ ಆಟ ಮಾತ್ರ ಬೇಡ. ಇಲ್ಲದ ಎದುರಾಳಿಯ ಮೇಲೆ ಅದು ಕೂಗಿ ದಣಿಯುತ್ತದೆ. ಇಂಡಿಯಾ ಬಯೊಡೈವರ್ಸಿಟಿ ಪೋರ್ಟಲ್‌ಗೋ ಐನ್ಯಾಚುರಲಿಸ್ಟ್‌ಗೋ ಏರಿಸಿ. ಆ್ಯಪ್ ಸೂಚಿಸುವ ಹೆಸರನ್ನು ಅಷ್ಟು ಬೇಗ ಒಪ್ಪಬೇಡಿ, ಹೆಸರಿನ ಜಾಗ ಖಾಲಿ ಬಿಟ್ಟರೂ ನಡೆಯುತ್ತದೆ. ಬರುವ ವರ್ಷ ಅದೇ ಮಳೆಗೆ ಅದೇ ಜಾಗಕ್ಕೆ ಹೋಗಿ. ಹೋಗುವಾಗ ಬರುವಾಗ ಗಾಡಿ ನಿಧಾನವಿರಲಿ. ಮೊದಲ ಮಳೆಯ ರಾತ್ರಿ ಗದ್ದೆಯಿಂದ ಗದ್ದೆಗೆ ಹೊರಟ ನೆಲಗಪ್ಪೆಗಳೂ ಡಾಂಬರಿನ ಮೇಲೆಯೇ ಇರುತ್ತವೆ.